ಲಾಗ್ ಬುಕ್ಕಿನಲ್ಲಿ ಭವಾನಿಯ ಹೆಸರು

ಹೊಸಮನೆ, ಭದ್ರಾವತಿ
೮ ಜುಲೈ ೨೦೦೨

ವಾಣಿ,

ಒಂಬತ್ತು ವರ್ಷದ ಮೇಲೆ ನನ್ನ ಅಕ್ಷರ ನೋಡಿ ನಿನಗೆ ಗಾಬರಿಯಾದೀತು. ಯಾರೂ ಸತ್ತಿಲ್ಲ. ನನಗೆ ಸಿಟ್ಟು ಬಂದಿದೆ, ಅಷ್ಟೇ.

ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ತೆಗೆದುಕೊಂಡು ಎರಡು ವರ್ಷ ಮನೆಯಲ್ಲಿ ಕೂತಿದ್ದೆ. ಹೋದ ತಿಂಗಳು ಇಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿನ ಹೆಡ್‌ಮಾಸ್ಟರು ಮನೆಗೇ ಬಂದರು. ‘ಹಳೇ ವಿದ್ಯಾರ್ಥಿಗಳು ಎರಡು ಕಂಪ್ಯೂಟರ್ ಕೊಟ್ಟಿದಾರೆ ಅಮ್ಮಾ. ಈ ಊರಲ್ಲಿ ಕಂಪ್ಯೂಟರ್ ಮುಟ್ಟಿದ ಹೆಂಗಸು ಅಂದ್ರೆ ನೀವೇ. ಎಂಟನೇ ಕ್ಲಾಸಿಗೆ ಶನಿವಾರ ಶನಿವಾರ ಸ್ವಲ್ಪ ಹೇಳ್ಕೊಡಿ’ ಎಂದರು. ಕಾಫಿ ಕುಡಿದು ಮುಗಿಸುವುದರೊಳಗೆ ನಾನು ಟೀಚರ್ ಆಗಿದ್ದೆ.

ಆಮೇಲೆ ಶಿವಮೊಗ್ಗದಿಂದ ಪಠ್ಯ ಸಮಿತಿಯವರ ಟಿಪ್ಪಣಿ ಬಂತು, ಎಂಟನೇ ತರಗತಿಯವರು ಕಂಪ್ಯೂಟರಿನಲ್ಲಿ ಏನೇನು ಕಲಿಯಬೇಕು ಎಂದು. ಒಂದನೇ ಪಾಠ ಕಂಪ್ಯೂಟರಿನ ಐದು ತಲೆಮಾರುಗಳು. ಎರಡನೇ ಪಾಠ ಅದರ ಅಂಗಾಂಗಗಳು. ಮೂರನೆಯದು ಲಾಭ ನಷ್ಟಗಳು. ಕೀಬೋರ್ಡಿನ ಮೇಲೆ ಬೆರಳಿಡುವ ಪಾಠ ಹನ್ನೊಂದನೆಯದು! ಐದು ತಲೆಮಾರು ವಿಚಾರಿಸಲು ಅದೇನು ಸಂಬಂಧ ಬೆಳೆಸುವ ಮನೆತನವೇ? ಯಾವ ಮಹಾನುಭಾವರು ಬರೆದರಪ್ಪ ಎಂದು ಕೊನೆಯ ಪುಟ ತಿರುಗಿಸಿದರೆ, ಏಳು ಹೆಸರುಗಳಲ್ಲಿ ಕೊನೆಯದು ನಿನ್ನದು.

ನೀನು ವಾಣಿ, ಹದಿನಾಲ್ಕು ವರ್ಷ ನನ್ನ ಪಕ್ಕದ ಮೆಷಿನ್ನಿನ ಮುಂದೆ ಕೂತವಳು. ಇದಕ್ಕೆ ಹೇಗೆ ಸಹಿ ಹಾಕಿದೆ? ನನ್ನ ಎದುರಿಗೆ ಅರವತ್ತೆರಡು ಹುಡುಗಿಯರಿದ್ದಾರೆ. ಎಲ್ಲರಿಗೂ ಹದಿಮೂರು, ಹದಿನಾಲ್ಕು ವಯಸ್ಸು. ಇವರಿಗೆ ಏನು ಕಲಿಸಬೇಕು ಎಂದು ಸಮಿತಿ ಹೇಳುವುದು ಬೇಡ, ನೀನು ಹೇಳು.

ಉತ್ತರ ಬರೆಯಲೇಬೇಕೆಂದಿಲ್ಲ. ಆದರೆ ಬರೆ.

ಜಗದಾಂಬಾ


ಸವಳಂಗ ರಸ್ತೆ, ಶಿವಮೊಗ್ಗ
೨ ಆಗಸ್ಟ್ ೨೦೦೨

ಜಗದಾಂಬಾ ಅವರಿಗೆ,

ನಿಮ್ಮ ಪತ್ರ ತಲುಪಿದೆ.

ಸಮಿತಿಯಲ್ಲಿ ಏಳು ಜನ. ಬೆರಳಿಡುವ ಪಾಠ ಮೊದಲು ಬರಲಿ ಎಂದು ನಾನು ಹೇಳಿದೆ. ಮಕ್ಕಳು ಮುಟ್ಟಿದರೆ ಕೆಡುತ್ತದೆ ಎಂದು ಉಳಿದ ಆರು ಜನ ಹೇಳಿದರು. ಆ ಪಾಠ ಹನ್ನೊಂದನೆಯದಾಗಿಯಾದರೂ ಉಳಿದದ್ದು ಎರಡು ದಿನದ ವಾದದ ಮೇಲೆ. ಬರುವ ಮಾರ್ಚಿನಲ್ಲಿ ಟಿಪ್ಪಣಿಯನ್ನು ತಿದ್ದುತ್ತಾರೆ. ನಿಮ್ಮ ತರಗತಿಯಲ್ಲಿ ನಡೆದದ್ದನ್ನು ಬರೆದು ಕಳಿಸಿದರೆ ಸಭೆಯ ಮುಂದಿಡುತ್ತೇನೆ.

ಸಿಟ್ಟು ಬಂದಿದೆ ಎಂದು ಬರೆದಿದ್ದೀರಿ. ಯಾವ ಸಿಟ್ಟು ಎಂದು ನಾನು ಕೇಳುವುದಿಲ್ಲ.

ವಾಣಿ


ಹೊಸಮನೆ, ಭದ್ರಾವತಿ
೧೯ ಆಗಸ್ಟ್ ೨೦೦೨

ವಾಣಿ,

‘ನೀವು’ ಅಂತೆ! ನಿನ್ನ ಜಡೆಗೆ ನಾನು ಎಷ್ಟು ಸಲ ರಿಬ್ಬನ್ ಕಟ್ಟಿಲ್ಲ. ಇನ್ನೊಂದು ಸಲ ಹಾಗೆ ಬರೆದರೆ ಪತ್ರ ಒಡೆಯದೆ ವಾಪಸ್ ಕಳಿಸುತ್ತೇನೆ.

ಮೊದಲ ಶನಿವಾರ ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು, ಕೈ ಮುಗಿದು ಒಳಗೆ ಬಂದವು. ನನಗೆ ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. ಎಪ್ಪತ್ತೊಂಬತ್ತರಲ್ಲಿ ನಾವಿಬ್ಬರೂ ಕಾರ್ಖಾನೆಯ ಮೆಷಿನ್ ರೂಮಿಗೆ ಹಾಗೆಯೇ ಹೋದೆವಲ್ಲ. ಇಡೀ ಭದ್ರಾವತಿ ಏಪ್ರಿಲ್ ಬಿಸಿಲಲ್ಲಿ ಬೇಯುತ್ತಿದ್ದರೆ ನಾವು ಶಾಲು ಹೊದ್ದು ಕೂರುತ್ತಿದ್ದೆವು. ಮೆಷಿನ್ನಿಗೆ ಸೆಕೆಯಾಗಬಾರದು ಎಂದು ಹಾಕಿದ ಏಸಿಯಲ್ಲಿ ನಮಗೆ ನೆಗಡಿ. ಸಾಹೇಬರ ಹೆಂಡತಿಯರು ಕಂಪ್ಯೂಟರ್ ನೋಡುವ ನೆಪದಲ್ಲಿ ಬಂದು ತಂಪು ಮಾಡಿಕೊಂಡು ಹೋಗುತ್ತಿದ್ದರು. ಹಾಜರಿಯ ಅಂಕಿ ನೋಡಿ ನಾನು ಕಾರ್ಡಿನಲ್ಲಿ ತೂತು ಹೊಡೆಯುವುದು, ಅದೇ ಕಾರ್ಡನ್ನು ನೀನು ಮತ್ತೆ ಹೊಡೆದು ನೋಡುವುದು. ಎರಡೂ ಹೊಂದದಿದ್ದರೆ ನಿನ್ನ ಮೆಷಿನ್ ಗಕ್ಕನೆ ನಿಂತುಬಿಡುತ್ತಿತ್ತು. ನನ್ನ ತಪ್ಪು ಹಿಡಿಯುವುದಕ್ಕೇ ನಿನಗೆ ಸಂಬಳ. ‘ವೆರಿಫೈ ವಾಣಿ ಬಂದ್ಲು, ಎದ್ದೇಳ್ರೇ’ ಎಂದು ಎಲ್ಲರೂ ನಿನ್ನನ್ನು ಕಂಡರೆ ಜಾಗ ಖಾಲಿ ಮಾಡುತ್ತಿದ್ದರು. ನಾನೊಬ್ಬಳೇ ನಿನ್ನ ಜೊತೆ ಊಟಕ್ಕೆ ಕೂರುತ್ತಿದ್ದೆ.

ಇರಲಿ. ಮಕ್ಕಳಿಗೆ ಏನು ಕಲಿಸಬೇಕೆಂದು ನಾನೇ ಯೋಚಿಸಿದೆ. ನಮ್ಮ ಮೆಷಿನ್ ರೂಮಿನಲ್ಲಿದ್ದ ಹಾಗೆ ಒಂದು ಲಾಗ್ ಬುಕ್ ತಂದಿಟ್ಟಿದ್ದೇನೆ. ಕಂಪ್ಯೂಟರ್ ಮುಟ್ಟಿದವಳು ಏನು ಮಾಡಿದೆ, ಏನು ಕೆಡಿಸಿದೆ ಎಂದು ಬರೆದು ಹೆಸರು ಹಾಕಬೇಕು. ಮುಂದಿನವಳು ಅದನ್ನು ಓದಿಯೇ ಕೂರಬೇಕು. ಬೈಗುಳವಿಲ್ಲ, ಶಿಕ್ಷೆಯಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಮೊದಲ ವಾರ ಎಲ್ಲರೂ ‘ಎಲ್ಲಾ ಸರಿ ಇದೆ’ ಎಂದು ಬರೆದರು. ಎರಡನೇ ವಾರ ಭವಾನಿ ಅಂತ ಒಬ್ಬಳು, ಗುತ್ತಿಗೆ ಲೋಡಿಂಗ್ ಮಾಡುವ ಸಿದ್ದಯ್ಯನ ಮಗಳು, ‘ಏನೋ ಒತ್ತಿದೆ, ಪರದೆ ಕಪ್ಪಾಯಿತು, ಹೆದರಿ ಎದ್ದು ಹೋದೆ’ ಎಂದು ಬರೆದಳು. ಕ್ಲಾಸಿನ ಮುಂದೆ ಅವಳನ್ನು ಹೊಗಳಿದೆ. ಆಮೇಲೆ ನೋಡು, ತಪ್ಪುಗಳ ಮಳೆಯೇ ಸುರಿಯಿತು.

ಲಾಗ್ ಬುಕ್ ಎಂದ ಮೇಲೆ ತೊಂಬತ್ತಮೂರರ ಮಾತು ಬಂದೇ ಬರುತ್ತದೆ. ಆಗ ಕಾರ್ಡಿನ ಬದಲು ಟೇಪ್ ಬಂದಿತ್ತು, ತಪ್ಪು ಟೇಪ್ ಹಾಕಿ ಒಂದು ವಿಭಾಗದ ಇಡೀ ತಿಂಗಳ ಹಾಜರಿ ಅಳಿಸಿದವಳು ನಾನು. ‘ಜಗದಾಂಬಾ ಅವರಿಂದ’ ಎಂದು ಬುಕ್ಕಿನಲ್ಲಿ ಬರೆದವಳು ನೀನು. ನನಗೆ ಮೆಮೊ ಬಂತು, ಸೂಪರ್‌ವೈಸರ್ ಆಗುವುದು ತಪ್ಪಿತು. ನೀನು ಅದೇ ವರ್ಷ ಕೆಲಸ ಬಿಟ್ಟು ಶಿವಮೊಗ್ಗದ ತರಬೇತಿ ಕಾಲೇಜಿಗೆ ಹೋದೆ. ನಾನು ಅದನ್ನು ಮರೆತಿಲ್ಲ. ಮರೆತೆ ಎಂದು ಸುಳ್ಳು ಬರೆಯಲಾರೆ.

ಜಗದಾಂಬಾ


ಸವಳಂಗ ರಸ್ತೆ, ಶಿವಮೊಗ್ಗ
೧೦ ಅಕ್ಟೋಬರ್ ೨೦೦೨

ಜಗದಾ,

ತಡವಾಯಿತು. ನಿನ್ನ ಪತ್ರದ ಕೊನೆಯ ಭಾಗಕ್ಕೆ ಮೂರು ಸಲ ಉತ್ತರ ಬರೆದು ಮೂರು ಸಲವೂ ಹರಿದೆ. ಅದನ್ನು ಬಿಟ್ಟು ಬರೆಯುತ್ತಿದ್ದೇನೆ.

ಕಾರ್ಡಿನ ತೂತುಗಳಿಂದ ಉದುರುತ್ತಿದ್ದ ಕಾಗದದ ಚೂರು ನೆನಪಿದೆಯೇ? ನಿನ್ನ ಮದುವೆಗೆ ಎರಡು ಚೀಲ ತುಂಬಿಸಿ ತಂದು, ಅಕ್ಷತೆಯ ಜೊತೆ ಎರಚಿದೆವು. ನಿಮ್ಮತ್ತೆ ತಿಂಗಳುಗಟ್ಟಲೆ ಗುಡಿಸಿದರೂ ಮೂಲೆಯಲ್ಲಿ ಒಂದೊಂದು ಸಿಗುತ್ತಿತ್ತಂತೆ. ಎರಡನೇ ಪಾಳಿ ಮುಗಿಸಿ ಗೇಟಿನ ಹೊರಗೆ ನಾವು ತಿನ್ನುತ್ತಿದ್ದ ಮಂಡಕ್ಕಿ, ನೀನು ನನ್ನ ಪೊಟ್ಟಣದಿಂದ ಆರಿಸಿಕೊಳ್ಳುತ್ತಿದ್ದ ಕಡಲೆಬೀಜ, ಇವೆಲ್ಲ ನನಗೆ ಈಚೆಗೆ ಬಹಳ ನೆನಪಾಗುತ್ತವೆ. ಶಿವಮೊಗ್ಗದಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ದುರ್ಗಿಗುಡಿಯ ಅಂಗಡಿಯವರೆಲ್ಲ ಗುರುತು ಹಿಡಿಯುತ್ತಾರೆ. ಆದರೆ ಪೊಟ್ಟಣಕ್ಕೆ ಕೈ ಹಾಕುವವರು ಯಾರೂ ಇಲ್ಲ.

ನಿನ್ನ ಲಾಗ್ ಬುಕ್ಕಿನ ಸಂಗತಿಯನ್ನು ಸಭೆಯಲ್ಲಿ ಓದಿದೆ. ಹಿರಿಯರೊಬ್ಬರು ‘ತಪ್ಪು ಬರೆಸೋದು ಪಾಠ ಹೇಗಾಗುತ್ತೆ ಮೇಡಂ? ಅದಕ್ಕೆ ಮಾರ್ಕ್ಸ್ ಹೇಗೆ ಕೊಡೋದು?’ ಎಂದರು. ಇದಕ್ಕೆ ನಿನಗೆ ಉತ್ತರ ಹೊಳೆದರೆ ಬರೆದು ತಿಳಿಸು.

ಭವಾನಿ ಈಗ ಏನು ಮಾಡುತ್ತಿದ್ದಾಳೆ?

ವಾಣಿ


ಹೊಸಮನೆ, ಭದ್ರಾವತಿ
೨೬ ನವೆಂಬರ್ ೨೦೦೨

ವಾಣಿ,

ಭವಾನಿ ಏನು ಮಾಡುತ್ತಿದ್ದಾಳೆ ಎಂದು ಕೇಳಿದ್ದೆ. ಮನೆಯಲ್ಲಿ ಅಳುತ್ತಾ ಕೂತಿದ್ದಾಳೆ. ನನ್ನಿಂದಾಗಿ.

ನಮ್ಮ ಶಾಲೆಯಲ್ಲಿ ಕ್ಲಾಸ್ ಗುಡಿಸಲು ಹುಡುಗಿಯರಿಗೆ ಸರದಿಯಿದೆ. ಕಂಪ್ಯೂಟರ್ ರೂಮಿಗೂ ಅದೇ ಸರದಿ. ನೆಲ ಗುಡಿಸಿದವಳು ಪರದೆಯ ಮೇಲಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಬೇಕು ಎಂದು ಹಿಂದಿನ ಶನಿವಾರವಷ್ಟೇ ಕಲಿಸಿದವಳು ನಾನೇ. ಡಿಸ್ಕಿನಲ್ಲಿ ಜಾಗ ಕಡಿಮೆ, ಬೇಡವೆಂದು ಅಳಿಸಿದ್ದೆಲ್ಲ ಅಲ್ಲೇ ಬಿದ್ದಿರುತ್ತದೆ. ಶನಿವಾರ ಭವಾನಿಯ ಸರದಿ. ನೆಲ ಗುಡಿಸಿ, ಬುಟ್ಟಿ ಖಾಲಿ ಮಾಡಿ, ಲಾಗ್ ಬುಕ್ಕಿನಲ್ಲಿ ಬರೆದಳು. ಅವಳ ಮಾತನ್ನೇ ಇಳಿಸುತ್ತೇನೆ: ‘೧೧:೨೦. ಕಸದ ಬುಟ್ಟಿ ಖಾಲಿ ಮಾಡಿದೆ. ಅದರಲ್ಲಿ ಒಂದು ದೊಡ್ಡ ಫೈಲ್ ಇತ್ತು. ಯಾರದ್ದು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಭವಾನಿ, ೮ ಬಿ.’

ಸೋಮವಾರ ಗುಮಾಸ್ತ ಸುಬ್ಬಪ್ಪ ಎದೆ ಬಡಿದುಕೊಂಡ. ಹತ್ತನೇ ಕ್ಲಾಸಿನ ಅಷ್ಟೂ ಮಕ್ಕಳ ವಿವರ, ಅಂಕ ಎಲ್ಲ ಎರಡು ತಿಂಗಳಿನಿಂದ ಅದೇ ಕಂಪ್ಯೂಟರಿನಲ್ಲಿ ಒಂದೇ ಬೆರಳಿನಿಂದ ಕುಟ್ಟಿ ತುಂಬಿಸಿದ್ದ. ಡಿಸೆಂಬರಿನಲ್ಲಿ ಮೇಲಿನ ಕಚೇರಿಗೆ ಕಳಿಸಬೇಕಾದದ್ದು. ಹುಡುಗಿಯರ ಕಣ್ಣಿಗೆ ಬೀಳಬಾರದೆಂದು ದಿನಾ ಸಂಜೆ ಆ ಫೈಲನ್ನು ಕಸದ ಬುಟ್ಟಿಗೆ ಹಾಕಿ, ಬೆಳಿಗ್ಗೆ ಎತ್ತಿಕೊಳ್ಳುತ್ತಿದ್ದನಂತೆ, ಶನಿವಾರ ನಮ್ಮ ಕ್ಲಾಸ್ ಇರುವುದರಿಂದ ಮುಟ್ಟುತ್ತಿರಲಿಲ್ಲವಂತೆ! ‘ಕಸಕ್ಕೆ ಯಾರು ಕೈ ಹಾಕ್ತಾರೆ ಮೇಡಂ, ಬೀರುಗಿಂತ ಸೇಫು ಅಂದ್ಕೊಂಡೆ’ ಎಂದ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹೆಡ್‌ಮಾಸ್ಟರು ಸುಬ್ಬಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. ಲಾಗ್ ಬುಕ್ ತರಿಸಿದರು. ಹೆಸರು, ಗಂಟೆ, ಕ್ಲಾಸು ಎಲ್ಲ ಅಚ್ಚುಕಟ್ಟಾಗಿ ಸಿಕ್ಕಿತು. ‘ತಾನೇ ಬರೆದು ಒಪ್ಕೊಂಡಿದಾಳಲ್ಲ, ಇನ್ನೇನು ಬೇಕು? ಟೀಸಿ ಕೊಟ್ಟು ಕಳಿಸ್ತೀನಿ. ಕಚೇರಿಗೆ ನಾನೂ ಉತ್ತರ ಕೊಡಬೇಕಲ್ಲ’ ಎಂದರು. ಸಿದ್ದಯ್ಯ ಬಂದು ಬಾಗಿಲಲ್ಲೇ ಕೈ ಕಟ್ಟಿ ನಿಂತ. ‘ಓದು ಸಾಕು ಬಿಡಿ ಸಾರ್. ಹೊಳೆಹೊನ್ನೂರಲ್ಲಿ ನಮ್ಮಮ್ಮನ ಹತ್ರ ಬಿಟ್ಟುಬಿಡ್ತೀನಿ, ಗದ್ದೆ ಕೆಲಸ ಕಲೀತಾಳೆ’ ಎಂದ. ಟೀಸಿಗೆ ಒಂದು ವಾರ ಗಡುವು ಕೇಳಿ ತಂದಿದ್ದೇನೆ.

ಸಂಜೆ ಅವರ ಮನೆಗೆ ಹೋದೆ. ಭವಾನಿ ಒಂದೇ ಮಾತು ಕೇಳಿದಳು. ‘ಬರೀದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಅಲ್ವಾ ಟೀಚರ್?’ ಒಂಬತ್ತು ವರ್ಷ ನಾನು ಮನಸ್ಸಿನಲ್ಲೇ ನಿನ್ನನ್ನು ಕೇಳಿದ್ದೂ ಇದನ್ನೇ, ವಾಣಿ ಯಾಕೆ ಬರೆದಳು ಎಂದು. ಈಗ ಈ ಮಗು ನನ್ನನ್ನು ಕೇಳುತ್ತಿದೆ.

ನಾನು ಏನು ಹೇಳಲಿ? ಬೇಗ ಬರೆ.

ಜಗದಾ


ಶಿವಮೊಗ್ಗ
೨೯ ನವೆಂಬರ್ ೨೦೦೨

ಜಗದಾ,

ಮಾಸ್ತರರ ಬಳಿ ಅಂಕಗಳು ಪುಸ್ತಕದಲ್ಲಿ ಇದ್ದೇ ಇರುತ್ತವೆ. ಎಲ್ಲವನ್ನೂ ತರಿಸಿಡು. ಭಾನುವಾರ ಬೆಳಿಗ್ಗೆ ಎಂಟರ ಬಸ್ಸಿಗೆ ಬರ್ತೀನಿ. ಇಬ್ಬರು ಕೂತರೆ ಎರಡು ತಿಂಗಳ ಕೆಲಸ ಎಷ್ಟು ಹೊತ್ತಿನದ್ದು ಮಾರಾಯ್ತಿ?

ವಾಣಿ


ಸವಳಂಗ ರಸ್ತೆ, ಶಿವಮೊಗ್ಗ
೧೬ ಡಿಸೆಂಬರ್ ೨೦೦೨

ಜಗದಾ,

ಅಂಕಗಳ ಪಟ್ಟಿ ಕಚೇರಿಗೆ ಹೋಯಿತು ಎಂದು ತಿಳಿದು ಸಮಾಧಾನವಾಯಿತು.

ಎರಡು ಭಾನುವಾರ ನಿನ್ನ ಪಕ್ಕ ಕೂತೆ. ನೀನು ಹೊಡೆದೆ, ನಾನು ಮತ್ತೆ ಹೊಡೆದು ನೋಡಿದೆ. ಎಷ್ಟು ವರ್ಷವಾಗಿದ್ದರೂ ಬೆರಳುಗಳು ಮರೆತಿರಲಿಲ್ಲ. ನೀನು ಈಗಲೂ ಏಳರ ಬದಲು ನಾಲ್ಕು ಒತ್ತುತ್ತೀಯ. ಸುಬ್ಬಪ್ಪ ಬಾಗಿಲಲ್ಲಿ ನಿಂತು ‘ಇದೇನು ಮೇಡಂ, ಪಿಟೀಲು ಮೃದಂಗ ನುಡಿಸ್ದಂಗೆ’ ಎಂದಾಗ ನೀನು ನಕ್ಕೆ. ಆ ನಗುವಿಗಾಗಿಯೇ ಇನ್ನೊಂದು ಭಾನುವಾರದ ಕೆಲಸ ಉಳಿದಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಅಂಕಗಳನ್ನು ಬಿಟ್ಟು ನಾವು ಬೇರೇನೂ ಮಾತಾಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನೀನು ಏನೋ ಕೇಳಲು ಹೊರಟೆ. ನಾನು ಬೇಕೆಂದೇ ಬಸ್ಸು ಬಂತು ಎಂದೆ. ಅದು ಎದುರು ದಿಕ್ಕಿಗೆ ಹೋಗುವ ತರೀಕೆರೆ ಬಸ್ಸು.

ಕಾಗದದ ಮೇಲೆ ಹೇಳುವುದು ನನಗೆ ಸುಲಭ. ಆ ದಿನ ನಾನು ಬರೆಯದಿದ್ದರೆ, ಮುಂದಿನ ಪಾಳಿಯವರು ಖಾಲಿ ಟೇಪನ್ನು ಸರಿಯಾದದ್ದೆಂದು ನಂಬಿ ಓಡಿಸುತ್ತಿದ್ದರು. ಎಂಟುನೂರು ಜನ ಇಡೀ ತಿಂಗಳು ಕೆಲಸಕ್ಕೇ ಬಂದಿಲ್ಲ ಎಂದಾಗುತ್ತಿತ್ತು. ಆದ್ದರಿಂದ ಬರೆದದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಆದರೆ ನೀನು ಹತ್ತು ಹೆಜ್ಜೆ ಆಚೆ ಕ್ಯಾಂಟೀನಿನಲ್ಲಿದ್ದೆ. ಬಂದು ‘ಜಗದಾ, ಹೀಗಾಗಿದೆ, ಬಾ, ನೀನೇ ಬರಿ’ ಎನ್ನಬಹುದಿತ್ತು. ಬರೆದ ಮೇಲೆ ನಿನ್ನ ಜೊತೆ ಸಾಹೇಬರ ಕೋಣೆಗೆ ಬರಬಹುದಿತ್ತು. ಎರಡನ್ನೂ ಮಾಡಲಿಲ್ಲ. ನಾನು ಹೆದರಿದ್ದೆ. ನಿನ್ನ ಮುಖ ನೋಡಲಾರದೆ ಊರು ಬಿಟ್ಟೆ.

ಭವಾನಿಗೆ ಏನು ಹೇಳಬೇಕು ಎಂದು ಕೇಳಿದ್ದೆ. ಬರೆದದ್ದು ಸರಿ ಎಂದು ಹೇಳು. ಅಷ್ಟು ಹೇಳಿ ಮನೆಗೆ ಬಂದುಬಿಡಬೇಡ. ಅವಳ ಜೊತೆ ಹೆಡ್‌ಮಾಸ್ಟರ ಕೋಣೆಗೆ ಹೋಗು. ನಾನು ಮಾಡದೇ ಬಿಟ್ಟದ್ದು ಅದನ್ನೇ.

ವಾಣಿ


ಹೊಸಮನೆ, ಭದ್ರಾವತಿ
೬ ಜನವರಿ ೨೦೦೩

ವಾಣಿ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಆ ದಿನ ನೀನು ಬರೆದದ್ದು ಸರಿ. ಈ ಒಂದು ಸಾಲು ಬರೆಯಲು ನನಗೆ ಒಂಬತ್ತು ವರ್ಷ ಮತ್ತು ಎರಡು ಲೋಟ ಕಾಫಿ ಬೇಕಾಯಿತು. ಮುಂದಕ್ಕೆ ಕೇಳಬೇಡ, ಇನ್ನೊಂದು ಸಲ ಬರೆಯಲಾರೆ.

ಪಟ್ಟಿ ಹೋದ ಮೇಲೆ ಟೀಸಿಯ ಮಾತು ತಣ್ಣಗಾಯಿತು ಎಂದುಕೊಂಡಿದ್ದೆ. ಇಲ್ಲ. ಹೆಡ್‌ಮಾಸ್ಟರು ಹೋದ ತಿಂಗಳ ಇಪ್ಪತ್ತರ ಶುಕ್ರವಾರ ಸಿದ್ದಯ್ಯನನ್ನು ಮತ್ತೆ ಕರೆಸಿದರು. ‘ಶಿಸ್ತು ಅಂತ ಒಂದಿದೆ, ಬಿಟ್ರೆ ನಾಳೆ ಇನ್ನೊಬ್ಬಳು ಮಾಡ್ತಾಳೆ’ ಎನ್ನುವುದು ಅವರ ಹಟ. ನಾನು ಭವಾನಿಯ ಕೈ ಹಿಡಿದುಕೊಂಡು ಒಳಗೆ ಹೋದೆ. ಮೇಜಿನ ಮೇಲೆ ಲಾಗ್ ಬುಕ್ ಇತ್ತು, ಅದೇ ಪುಟ. ಪೆನ್ನು ತೆಗೆದು ಅವಳ ಸಾಲಿನ ಕೆಳಗೆ ಬರೆದೆ: ‘ಬುಟ್ಟಿ ಖಾಲಿ ಮಾಡಲು ಕಲಿಸಿದ್ದು ನಾನು. ಒಳಗೆ ಏನಿದೆ ನೋಡು ಎಂದು ಕಲಿಸದೆ ಬಿಟ್ಟದ್ದೂ ನಾನು. ಜಗದಾಂಬಾ, ಟೀಚರ್.’

‘ಈಗ ಎರಡು ಹೆಸರಾಯ್ತು ಸಾರ್. ಮಕ್ಕಳ ತಪ್ಪು ದೊಡ್ಡದೋ ದೊಡ್ಡೋರದ್ದು ದೊಡ್ಡದೋ ನೀವೇ ಹೇಳಿ’ ಎಂದೆ. ಸುಬ್ಬಪ್ಪ ಪಕ್ಕದ ಮೇಜಿನಲ್ಲಿ ಕಾಗದ ಜೋಡಿಸುತ್ತಲೇ ಇದ್ದ, ತಲೆ ಎತ್ತಲಿಲ್ಲ. ಹೆಡ್‌ಮಾಸ್ಟರು ಎರಡೂ ಸಾಲು ಓದಿ ಬುಕ್ ಮುಚ್ಚಿದರು. ‘ಹುಡುಗಿ ಇರಲಿ. ನೀವು ನಾಳೆಯಿಂದ ಬರೋದು ಬೇಡ’ ಎಂದರು. ಅವರಿಗೂ ತಪ್ಪು ಹೊರಿಸಲು ಯಾರಾದರೊಬ್ಬರು ಬೇಕಾಗಿತ್ತು. ಭವಾನಿ ನನ್ನ ಸೆರಗು ಹಿಡಿದು ಅತ್ತುಬಿಟ್ಟಳು. ನಾನು ಅಲ್ಲಿ ಗಟ್ಟಿಯಾಗಿ ನಿಂತು, ಮನೆಗೆ ಬಂದು ಅತ್ತೆ. ಶನಿವಾರ ಹತ್ತು ಗಂಟೆಗೆ ಈಗಲೂ ಕಾಲು ಚಪ್ಪಲಿ ಹುಡುಕುತ್ತದೆ.

ನನ್ನ ಸಂಕಟ ನನಗಿರಲಿ. ಹುಡುಗಿ ಶಾಲೆಯಲ್ಲೇನೋ ಉಳಿದಳು, ಕಂಪ್ಯೂಟರ್ ರೂಮಿನ ಹತ್ತಿರ ಮಾತ್ರ ಸುಳಿಯುತ್ತಿಲ್ಲವಂತೆ. ಲಾಗ್ ಬುಕ್ಕಿನಲ್ಲಿ ಮತ್ತೆ ಎಲ್ಲರೂ ‘ಎಲ್ಲಾ ಸರಿ ಇದೆ’ ಎಂದು ಬರೆಯಲು ಶುರುಮಾಡಿದ್ದಾರಂತೆ. ಅದು ಹಾಗೆಯೇ ಉಳಿದರೆ ಇಷ್ಟು ತಿಂಗಳಲ್ಲಿ ನಾನು ಆ ಮಕ್ಕಳಿಗೆ ಕಲಿಸಿದ್ದು ಹೆದರಿಕೆಯೊಂದನ್ನೇ. ಆದ್ದರಿಂದ ನನ್ನ ಜಾಗಕ್ಕೆ ನೀನು ಬಾ. ನಿನ್ನ ಕಾಲೇಜಿಗೆ ಶನಿವಾರ ಅರ್ಧ ದಿನ ರಜೆಯಲ್ಲವೇ? ಸಮಿತಿಯ ಸದಸ್ಯೆ ಶಿವಮೊಗ್ಗದಿಂದ ಬರುತ್ತಾರೆ ಎಂದರೆ ನಮ್ಮ ಹೆಡ್‌ಮಾಸ್ಟರು ಹಾರ ತಂದು ಕಾಯುತ್ತಾರೆ. ನಾನು ಹೇಳಿದೆನೆಂದು ಮಾತ್ರ ಹೇಳಬೇಡ.

ಜಗದಾ


ಸವಳಂಗ ರಸ್ತೆ, ಶಿವಮೊಗ್ಗ
೧೯ ಜನವರಿ ೨೦೦೩

ಜಗದಾ,

ನಿನ್ನೆ ಹೋಗಿದ್ದೆ. ಹಾರವೇನೂ ಇರಲಿಲ್ಲ, ಬಾಳೆಹಣ್ಣು ಕೊಟ್ಟರು.

ಮಕ್ಕಳಿಗೆ ನನ್ನ ಮೇಲೆ ಸಿಟ್ಟಿತ್ತು. ನಿನ್ನ ಜಾಗದಲ್ಲಿ ನಿಂತಿದ್ದೆನಲ್ಲ. ‘ನಮ್ಮ ಟೀಚರ್ ಯಾವಾಗ ಬರ್ತಾರೆ?’ ಎಂದು ಒಬ್ಬಳು ಕೇಳಿದಳು. ಗೊತ್ತಿಲ್ಲ ಎಂದೆ. ಸುಳ್ಳು ಹೇಳಿದ್ದರೆ ಆಮೇಲೆ ಯಾವ ಪಾಠ ಮಾಡಿಯೂ ಪ್ರಯೋಜನವಿರುತ್ತಿರಲಿಲ್ಲ. ಒಂದನೇ ಪಾಠದ ಐದು ತಲೆಮಾರುಗಳನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಇಬ್ಬಿಬ್ಬರನ್ನು ಕೂರಿಸಿ, ಒಬ್ಬಳು ಟೈಪ್ ಮಾಡಲಿ, ಇನ್ನೊಬ್ಬಳು ನೋಡಲಿ, ಆಮೇಲೆ ಜಾಗ ಬದಲಿಸಿ ಎಂದೆ. ನಾವು ಮಾಡುತ್ತಿದ್ದದ್ದು ಅದೇ ತಾನೇ, ನನಗೆ ಬೇರೆ ಏನು ಬರುತ್ತದೆ.

ಭವಾನಿಯೂ ಬಂದು ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಅವಳ ಸರದಿ ಬಂದಾಗ ಪಕ್ಕದವಳಿಗೆ ಬಿಟ್ಟುಕೊಟ್ಟಳು. ಜಾಗ ಬದಲಿಸುವಾಗಲೂ ಹಾಗೆಯೇ ಮಾಡಿದಳು. ನಾನು ಒತ್ತಾಯ ಮಾಡಲಿಲ್ಲ. ಗಂಟೆ ಹೊಡೆದು ಉಳಿದವರೆಲ್ಲ ಹೋದ ಮೇಲೆ ಅವಳು ನಿಧಾನವಾಗಿ ಬಂದು ಸ್ಟೂಲಿನ ಮೇಲೆ ಕೂತಳು. ಕೈಗಳು ಮಡಿಲಲ್ಲೇ ಇದ್ದವು. ಮಗು ಇನ್ನಷ್ಟು ಹೆದರುವುದು ಬೇಡವೆಂದು ನಾನು ಹಿಂದೆ ಸರಿದು ಗೋಡೆಗೆ ಒರಗಿ ನಿಂತೆ. ನಾನು ಹತ್ತಿರ ಬಂದರೆ ಜನರ ಬೆರಳು ಬಿಗಿಯಾಗುವುದನ್ನು ಎಷ್ಟು ವರ್ಷ ನೋಡಿಲ್ಲ.

ಅವಳು ತಿರುಗಿ ನೋಡಿ, ‘ಅಲ್ಯಾಕೆ ನಿಂತ್ರಿ ಮೇಡಂ? ಇಲ್ಲಿ ಬಂದು ಕೂತ್ಕೊಳ್ಳಿ. ನಾನು ಮಾಡ್ತೀನಿ, ತಪ್ಪಾದ್ರೆ ಅಲ್ಲೇ ಹೇಳ್ಬಿಡಿ’ ಎಂದಳು.

ಜಗದಾ, ಬೇರೆಯವರ ತಪ್ಪು ಹಿಡಿದು ಅನ್ನ ತಿಂದವಳು ನಾನು. ಹತ್ತಿರ ಬಾ, ನನ್ನ ತಪ್ಪು ಹೇಳು ಎಂದು ಈ ಜನ್ಮದಲ್ಲಿ ಯಾರೂ ನನ್ನನ್ನು ಕರೆದಿರಲಿಲ್ಲ. ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತೆ. ಅವಳು ತನ್ನ ಹೆಸರು ಒತ್ತಿದಳು. ಮೂರನೇ ಅಕ್ಷರ ತಪ್ಪಿತ್ತು. ಹೇಳಿದೆ. ‘ಹೂಂ’ ಎಂದು ಅಳಿಸಿ, ಮತ್ತೆ ಒತ್ತಿದಳು.

ವಾಣಿ